ವಿಜ್ಞಾನಿ ಜಿ. ಎನ್. ರಾಮಚಂದ್ರನ್

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಹೆದ್ದಾರಿಯು ನೆಲಮಂಗಲದ ಬಳಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿನ ಕಡೆಗೂ ಇನ್ನೊಂದು ಹಾಸನದ ಕಡೆಗೂ ಸಾಗುತ್ತದೆ. ಹಗಲಿರುಳೆನ್ನದೆ ವಾಹನಗಳು ಓಡಾಡುವ ಇಂತಹ ರಸ್ತೆಯಲ್ಲಿ ಯಾರಿಗಾದರೂ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದರೆ, ಅವರನ್ನು ಒಡನೆಯೇ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಅಲ್ಲಿ ಗಾಯಾಳುವನ್ನು ದೊಡ್ಡ ಬಳೆಯಂತಹ ಯಂತ್ರವೊಂದರ ನಡುವೆ ಮಲಗಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅವನ ಮೆದುಳಿನ ಚಿತ್ರ ವೈದ್ಯರ ಮುಂದಿನ ಪರದೆಯ ಮೇಲೆ ಮೂಡುತ್ತದೆ. ರಕ್ತ ಎಲ್ಲಿ ಹೆಪ್ಪುಗಟ್ಟಿದೆ, ಎಲುಬು ಎಲ್ಲಿ ಬಿರಿದಿದೆ, ಶಸ್ತ್ರಕ್ರಿಯೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ಆ ಚಿತ್ರವನ್ನು ನೋಡಿ ನಿರ್ಧರಿಸುತ್ತಾರೆ. ಇದಕ್ಕಾಗಿ ಕತ್ತಿಯನ್ನು ಮುಟ್ಟಬೇಕಾಗಿಲ್ಲ. ಒಂದು ತೊಟ್ಟು ರಕ್ತವನ್ನೂ ಚೆಲ್ಲಬೇಕಾಗಿಲ್ಲ. ಈ ಪರೀಕ್ಷೆಯನ್ನು ಜನರು ಸಿ.ಟಿ. ಸ್ಕ್ಯಾನ್ ಎಂದು ಕರೆಯುತ್ತಾರೆ.

ಈ ಯಂತ್ರವು ಮೊದಲು ಸಿದ್ಧವಾದುದು ಇಂಗ್ಲೆಂಡಿನಲ್ಲಿ. ಆದರೆ ಯಂತ್ರವು ಅಳೆದು ಕೊಟ್ಟ ಸಾವಿರಾರು ಅಂಕೆಗಳನ್ನು ಸ್ಪಷ್ಟವಾದ ಚಿತ್ರವನ್ನಾಗಿ ಮಾರ್ಪಡಿಸುವ ಸುಲಭ ಗಣಿತ ವಿಧಾನವೊಂದನ್ನು ಜಗತ್ತಿಗೆ ಕೊಟ್ಟವರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಪ್ರಮುಖರು. ಅವರು ವೈದ್ಯರಲ್ಲ, ಯಂತ್ರಗಳನ್ನು ತಯಾರಿಸುವ ಕುಶಲಿಗಳೂ ಅಲ್ಲ. ಕ್ಷ-ಕಿರಣಗಳ ನೆರಳನ್ನು ನೋಡಿ ವಸ್ತುವಿನ ನಿಜರೂಪವನ್ನು ಅರಿಯುವುದರಲ್ಲಿಯೇ ತಮ್ಮ ಬಾಳನ್ನು ಸವೆಸಿದ ಭೌತವಿಜ್ಞಾನಿ.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರು ೧೯೨೨ರ ಅಕ್ಟೋಬರ್ ೮ರಂದು ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್. ತಾಯಿ ಲಕ್ಷ್ಮೀ ಅಮ್ಮಾಳ್. ತಂದೆಯವರು ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಗಣಿತವು ಬಾಲಕ ರಾಮಚಂದ್ರನಿಗೆ ಮನೆಯಲ್ಲಿಯೇ ದೊರೆತ ಮೊದಲ ಸಂಪತ್ತು. ಕಠಿಣವಾದ ಲೆಕ್ಕಗಳನ್ನು ಆಟದಂತೆ ಬಿಡಿಸುವುದನ್ನು ಅವನು ತಂದೆಯಿಂದ ಕಲಿತನು. ಮುಂದೆ ಅವರ ಎಲ್ಲ ಸಂಶೋಧನೆಗಳಿಗೂ ಬೆನ್ನೆಲುಬಾಗಿ ನಿಂತುದು ಎಳವೆಯಲ್ಲಿ ಗಳಿಸಿದ ಈ ಗಣಿತಜ್ಞಾನವೇ.

ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದ ರಾಮಚಂದ್ರನ್, ೧೯೪೨ರಲ್ಲಿ ಬೆಂಗಳೂರಿಗೆ ಬಂದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಸೇರಿದರು. ಆ ಕಾಲದಲ್ಲಿ ಅಲ್ಲಿನ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ನೊಬೆಲ್ ಪುರಸ್ಕೃತರಾದ ಸರ್ ಸಿ. ವಿ. ರಾಮನ್. ರಾಮನ್ ಅವರ ಪ್ರಭಾವಕ್ಕೆ ಒಳಗಾದ ತರುಣನ ಮನಸ್ಸು ಭೌತಶಾಸ್ತ್ರದ ಕಡೆಗೆ ಒಲಿಯಿತು. ರಾಮನ್ ಅವರೂ ಈ ಹುಡುಗನ ಬುದ್ಧಿಶಕ್ತಿಯನ್ನು ಬಹುಬೇಗನೆ ಗುರುತಿಸಿದರು. ಅವನನ್ನು ತಮ್ಮ ವಿಭಾಗಕ್ಕೆ ಕರೆದುಕೊಂಡರು. ಹೀಗೆ ಎಂಜಿನಿಯರ್ ಆಗಬೇಕಾಗಿದ್ದವರು ಭೌತವಿಜ್ಞಾನಿಯಾದರು.

ರಾಮನ್ ಅವರಿಗೆ ವಜ್ರಗಳ ಮೇಲೆ ಅಪಾರವಾದ ಆಸಕ್ತಿಯಿತ್ತು. ಗುರುಗಳ ಮಾರ್ಗದರ್ಶನದಲ್ಲಿ ರಾಮಚಂದ್ರನ್ ಅವರು ವಜ್ರದ ಹರಳುಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅವುಗಳೊಳಗಿನ ದೋಷಗಳನ್ನು ಚಿತ್ರಿಸಿದರು. ಹೊರಗಣ್ಣಿಗೆ ನಿರ್ಮಲವಾಗಿ ಕಾಣುವ ಹರಳಿನೊಳಗೆ ಎಲ್ಲಿ ಅಣುಗಳ ಸಾಲು ತಪ್ಪಿದೆ ಎಂಬುದು ಆ ಚಿತ್ರಗಳಲ್ಲಿ ಗೋಚರವಾಗುತ್ತಿತ್ತು. ೧೯೪೭ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿಯನ್ನು ಪಡೆದರು. ಅದೇ ವರ್ಷ ಇಂಗ್ಲೆಂಡಿಗೆ ತೆರಳಿ, ಕೇಂಬ್ರಿಜ್‌ನ ಪ್ರಸಿದ್ಧ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ವೂಸ್ಟರ್ ಅವರ ಬಳಿ ಕ್ಷ-ಕಿರಣಗಳ ಅಧ್ಯಯನವನ್ನು ಮುಂದುವರಿಸಿದರು. ಎರಡೇ ವರ್ಷಗಳಲ್ಲಿ ಅಲ್ಲಿಯೂ ಪಿಎಚ್.ಡಿ. ಪದವಿಯನ್ನು ಗಳಿಸಿ, ೧೯೪೯ರಲ್ಲಿ ಬೆಂಗಳೂರಿಗೆ ಹಿಂದಿರುಗಿದರು. ಸ್ವತಂತ್ರ ಭಾರತದ ಪ್ರಯೋಗಾಲಯಗಳಲ್ಲಿ ಅಂದು ಉಪಕರಣಗಳು ವಿರಳ; ಹಣವೂ ವಿರಳ. ಆದರೂ ತಾವು ಕಲಿತುದು ತಮ್ಮ ನಾಡಿನಲ್ಲಿಯೇ ಬೆಳೆಯಬೇಕೆಂಬುದು ಅವರ ನಿರ್ಧಾರವಾಗಿತ್ತು.

೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಅವರನ್ನು ಭೌತಶಾಸ್ತ್ರ ವಿಭಾಗದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆಗ ಅವರಿಗೆ ಮೂವತ್ತರ ಹರೆಯ. ಅದೇ ವರ್ಷ ಬ್ರಿಟನ್ನಿನ ವಿಜ್ಞಾನಿ ಬರ್ನಾಲ್ ಮದರಾಸಿಗೆ ಬಂದಿದ್ದರು. ಚರ್ಮ, ಎಲುಬು, ಸ್ನಾಯುರಜ್ಜುಗಳಲ್ಲಿ ಹೇರಳವಾಗಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ರಚನೆಯು ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲವೆಂಬ ಸಂಗತಿ ಅವರೊಡನೆ ನಡೆದ ಮಾತುಕತೆಯಲ್ಲಿ ಹೊರಬಿದ್ದಿತು. ರಾಮಚಂದ್ರನ್ ಅವರು ಆ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಮದರಾಸಿನಲ್ಲಿಯೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ಅಧ್ಯಯನಕ್ಕೆ ಬೇಕಾದ ಕೊಲ್ಯಾಜನ್ ಎಳೆಗಳನ್ನು ಒದಗಿಸಿತು. ಸಹೋದ್ಯೋಗಿ ಗೋಪೀನಾಥ ಕರ್ತಾ ಅವರೊಡನೆ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿ, ಕೊಲ್ಯಾಜನ್ ಎಂಬುದು ಮೂರು ಎಳೆಗಳನ್ನು ಸೇರಿಸಿ ಹೊಸೆದ ಹುರಿಯಂತಿದೆ ಎಂದು ೧೯೫೪ ಮತ್ತು ೧೯೫೫ರಲ್ಲಿ ಪ್ರಕಟಿಸಿದರು.

ಈ ಶೋಧನೆಯನ್ನು ಎಲ್ಲರೂ ಒಡನೆಯೇ ಒಪ್ಪಲಿಲ್ಲ. ರಾಮಚಂದ್ರನ್ ಅವರ ಮಾದರಿಯಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಹತ್ತಿರ ಬಂದಿವೆಯೆಂದು ಕೇಂಬ್ರಿಜ್‌ನ ಕ್ರಿಕ್ ಮತ್ತು ರಿಚ್ ಎಂಬ ವಿಜ್ಞಾನಿಗಳು ಆಕ್ಷೇಪಿಸಿದರು. ಇಂತಹ ಟೀಕೆಯಿಂದ ಕುಗ್ಗುವವರುಂಟು, ಕೋಪಗೊಳ್ಳುವವರೂ ಉಂಟು. ರಾಮಚಂದ್ರನ್ ಅವರು ಎರಡನ್ನೂ ಮಾಡಲಿಲ್ಲ. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂಬ ಪ್ರಶ್ನೆಯನ್ನೇ ಹಿಡಿದು ಹೊರಟರು. ಅದುವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನೆಲ್ಲ ಪರಿಶೀಲಿಸಿದರು. ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ, ಮೇಜಿನ ಮೇಲಿಡುವ ಸಣ್ಣ ಲೆಕ್ಕಯಂತ್ರಗಳ ನೆರವಿನಿಂದಲೇ ದೀರ್ಘವಾದ ಗಣನೆಗಳನ್ನು ಮಾಡಿದರು. ಅದರ ಫಲವಾಗಿ, ಪ್ರೋಟೀನಿನ ಸರಪಳಿಯು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವ ಕೋನಗಳಲ್ಲಿ ತಿರುಗಲಾರದು ಎಂಬುದನ್ನು ತೋರಿಸುವ ಚಿತ್ರವೊಂದು ೧೯೬೩ರಲ್ಲಿ ಪ್ರಕಟವಾಯಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನೊಂದರ ರಚನೆಯನ್ನು ಕಂಡುಹಿಡಿದರೂ ಅದು ಸರಿಯೋ ತಪ್ಪೋ ಎಂಬುದನ್ನು ಈ ರಾಮಚಂದ್ರನ್ ನಕ್ಷೆಯ ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ. ಆಕ್ಷೇಪಣೆಯನ್ನೇ ಮೆಟ್ಟಿಲಾಗಿ ಮಾಡಿಕೊಂಡ ಸಾಧನೆಯಿದು.

ಸುಮಾರು ಹದಿನೆಂಟು ವರ್ಷಗಳ ಸೇವೆಯ ತರುವಾಯ ರಾಮಚಂದ್ರನ್ ಅವರು ಮದರಾಸನ್ನು ಬಿಟ್ಟರು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು ಅವರನ್ನು ಬೆಂಗಳೂರಿಗೆ ಆಹ್ವಾನಿಸಿದರು. ತಾವು ವಿದ್ಯಾರ್ಥಿಯಾಗಿ ಕಾಲಿಟ್ಟಿದ್ದ ಸಂಸ್ಥೆಯಲ್ಲಿಯೇ ಅವರು ೧೯೭೧ರಲ್ಲಿ ಅಣುಜೀವಭೌತ ವಿಜ್ಞಾನದ ಹೊಸ ವಿಭಾಗವೊಂದನ್ನು ಕಟ್ಟಿದರು. ವೈದ್ಯಕೀಯ ಚಿತ್ರಣಕ್ಕೆ ಅವರು ನೀಡಿದ ಕಾಣಿಕೆಯೂ ಇದೇ ವರ್ಷದ್ದು. ಅದರ ಮಹತ್ವವನ್ನು ಅರಿಯಬೇಕಾದರೆ ಕ್ಷ-ಕಿರಣಗಳ ಕಥೆಯನ್ನು ಸ್ವಲ್ಪ ತಿಳಿಯಬೇಕು.

ಜರ್ಮನಿಯ ರಾಂಟ್‌ಜೆನ್ ಎಂಬ ವಿಜ್ಞಾನಿಯು ೧೮೯೫ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದನು. ಈ ಕಿರಣಗಳು ಮಾಂಸವನ್ನು ಸುಲಭವಾಗಿ ಹಾಯ್ದು ಹೋಗುತ್ತವೆ. ಎಲುಬು ಅವುಗಳನ್ನು ಹೆಚ್ಚಾಗಿ ತಡೆಯುತ್ತದೆ. ಆದುದರಿಂದ ದೇಹದ ಹಿಂದೆ ಛಾಯಾಫಲಕವನ್ನಿಟ್ಟರೆ ಎಲುಬುಗಳ ನೆರಳು ಅದರ ಮೇಲೆ ಮೂಡುತ್ತದೆ. ಮುರಿದ ಕೈಕಾಲುಗಳ ಚಿಕಿತ್ಸೆಗೆ ಇದು ವರವಾಯಿತು. ಆದರೆ ಇದರಲ್ಲೊಂದು ಕೊರತೆಯುಂಟು. ದೇಹದ ಮುಂಭಾಗ, ನಡುಭಾಗ, ಹಿಂಭಾಗಗಳ ನೆರಳುಗಳೆಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಗಟ್ಟಿಯಾದ ತಲೆಬುರುಡೆಯ ನೆರಳಿನಲ್ಲಿ ಮೃದುವಾದ ಮೆದುಳಿನ ವಿವರ ಅಡಗಿಹೋಗುತ್ತದೆ.

ದೇವನಹಳ್ಳಿಯ ಚಕ್ಕೋತ ಹಣ್ಣನ್ನು ನೀವು ನೋಡಿರಬಹುದು. ಅದರ ದಪ್ಪನೆಯ ಸಿಪ್ಪೆಯೊಳಗೆ ಎಷ್ಟು ತೊಳೆಗಳಿವೆ, ಯಾವ ತೊಳೆಯಲ್ಲಿ ಬೀಜವಿದೆ ಎಂಬುದು ಹೊರಗಿನಿಂದ ತಿಳಿಯದು. ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತದೆ. ಹಣ್ಣನ್ನು ಕೊಯ್ಯದೆಯೇ ಆ ಅಡ್ಡಕೊಯ್ತದ ಚಿತ್ರವನ್ನು ಪಡೆಯಲು ಸಾಧ್ಯವೇ? ಒಂದೇ ದಿಕ್ಕಿನಿಂದ ಕ್ಷ-ಕಿರಣವನ್ನು ಹಾಯಿಸಿದರೆ ಸಾಧ್ಯವಿಲ್ಲ. ಆದರೆ ಹಣ್ಣಿನ ಸುತ್ತಲೂ ಎಲ್ಲ ದಿಕ್ಕುಗಳಿಂದ ನೆರಳುಗಳನ್ನು ಪಡೆದರೆ ಸಾಧ್ಯವಿದೆ. ಈ ಮಾತನ್ನು ಆಸ್ಟ್ರಿಯದ ಗಣಿತಜ್ಞ ರಾಡಾನ್ ೧೯೧೭ರಷ್ಟು ಹಿಂದೆಯೇ ಗಣಿತದಿಂದ ಸಾಧಿಸಿ ತೋರಿಸಿದ್ದನು.

ಒಂದು ಸಣ್ಣ ಲೆಕ್ಕದಿಂದ ಇದನ್ನು ತಿಳಿಯಬಹುದು. ಒಂದು ಚೌಕದಲ್ಲಿ ನಾಲ್ಕು ಮನೆಗಳಿರಲಿ. ಅವುಗಳಲ್ಲಿರುವ ಅಂಕೆಗಳು ನಮಗೆ ತಿಳಿಯವು. ಸಾಲುಗಳ ಮೊತ್ತ ಮಾತ್ರ ತಿಳಿದಿದೆ. ಅಡ್ಡಸಾಲುಗಳ ಮೊತ್ತ ೩ ಮತ್ತು ೭. ಕಂಬಸಾಲುಗಳ ಮೊತ್ತ ೪ ಮತ್ತು ೬. ಮೇಲಿನ ಸಾಲಿನಲ್ಲಿ ೧, ೨ ಹಾಗೂ ಕೆಳಗಿನ ಸಾಲಿನಲ್ಲಿ ೩, ೪ ಎಂದು ತುಂಬಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಮೇಲೆ ೦, ೩ ಹಾಗೂ ಕೆಳಗೆ ೪, ೩ ಎಂದು ತುಂಬಿದರೂ ಸರಿಹೋಗುತ್ತದೆ! ಇವುಗಳಲ್ಲಿ ನಿಜವಾವುದು? ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗುವ ಓರೆಸಾಲಿನ ಮೊತ್ತ ೫ ಎಂದು ತಿಳಿದರೆ ಮೊದಲನೆಯದೇ ನಿಜವೆಂದು ಗೊತ್ತಾಗುತ್ತದೆ. ದಿಕ್ಕುಗಳು ಹೆಚ್ಚಿದಷ್ಟೂ ಸಂಶಯ ಕಡಮೆಯಾಗುತ್ತದೆ. ಸಿ.ಟಿ. ಯಂತ್ರದಲ್ಲಿ ನಡೆಯುವುದೂ ಇದೇ. ದೇಹವನ್ನು ಹಾಯ್ದು ಬರುವ ಪ್ರತಿಯೊಂದು ಕಿರಣವೂ ತನ್ನ ದಾರಿಯಲ್ಲಿದ್ದ ಮನೆಗಳ ಮೊತ್ತವನ್ನು ಹೇಳುತ್ತದೆ. ಆ ಮೊತ್ತಗಳಿಂದ ಒಂದೊಂದು ಮನೆಯ ಬೆಲೆಯನ್ನು ಕಂಡುಹಿಡಿಯಬೇಕು.

ಮನೆಗಳು ನಾಲ್ಕಾದರೆ ಕಾಗದದ ಮೇಲೆ ಬಿಡಿಸಬಹುದು. ಸಾವಿರಾರು ಆದರೆ ಹೇಗೆ? ನೆರಳುಗಳನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಹರಡಿ, ಒಂದರ ಮೇಲೊಂದನ್ನು ಕೂಡಿಸುವುದು ಒಂದು ಉಪಾಯ. ಆದರೆ ಹಾಗೆ ಮಾಡಿದರೆ ಪ್ರತಿಯೊಂದು ಚುಕ್ಕೆಯ ಸುತ್ತಲೂ ಮಂಜು ಮುಸುಕಿದಂತಾಗಿ ಚಿತ್ರವು ಮಬ್ಬಾಗುತ್ತದೆ. ಈ ಮಬ್ಬನ್ನು ತೊಡೆಯಲು ಫೂರಿಯರ್ ಪರಿವರ್ತನೆ ಎಂಬ ಗಣಿತವನ್ನು ಕೆಲವರು ಬಳಸುತ್ತಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ಮೂರು ಆಯಾಮಗಳ ರೂಪವನ್ನು ಪಡೆಯಲು ಕೇಂಬ್ರಿಜ್‌ನಲ್ಲಿ ೧೯೬೮ರಲ್ಲಿ ಅನುಸರಿಸಿದುದು ಆ ಮಾರ್ಗವನ್ನೇ. ಅಂದಿನ ಗಣಕಯಂತ್ರಗಳಿಗೆ ಆ ಲೆಕ್ಕವು ಬಲು ಭಾರವಾಗಿತ್ತು.

ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಎ. ವಿ. ಲಕ್ಷ್ಮೀನಾರಾಯಣನ್ ಅವರು ಇದಕ್ಕಿಂತ ನೇರವಾದ ದಾರಿಯನ್ನು ಕಂಡುಕೊಂಡರು. ನೆರಳನ್ನು ಹಿಂದಕ್ಕೆ ಹರಡಿದ ಮೇಲೆ ಮಬ್ಬನ್ನು ತೊಡೆಯುವ ಬದಲು, ಹರಡುವ ಮೊದಲೇ ಪ್ರತಿಯೊಂದು ನೆರಳನ್ನೂ ತಿದ್ದಿಬಿಡುವುದು ಅವರ ಯುಕ್ತಿ. ಒಂದು ಅಳತೆಯನ್ನು ತೆಗೆದುಕೊಂಡು ಅದಕ್ಕೊಂದು ಗೊತ್ತಾದ ತೂಕ ಕೊಡಬೇಕು. ಅದರ ಎರಡೂ ಬದಿಗಳಲ್ಲಿರುವ ಅಳತೆಗಳ ಸ್ವಲ್ಪ ಸ್ವಲ್ಪ ಭಾಗವನ್ನು ಅದರಿಂದ ಕಳೆಯಬೇಕು. ಒಂದನೆಯ, ಮೂರನೆಯ, ಐದನೆಯ ನೆರೆಗಳಿಂದ ಮಾತ್ರ ಕಳೆದರಾಯಿತು. ಎರಡನೆಯ, ನಾಲ್ಕನೆಯ ನೆರೆಗಳ ಪಾಲು ಸೊನ್ನೆ. ದೂರ ಹೆಚ್ಚಿದಂತೆ ಈ ಪಾಲು ದೂರದ ವರ್ಗಕ್ಕೆ ಅನುಸಾರವಾಗಿ ಕುಗ್ಗುತ್ತದೆ. ಹೀಗೆ ತಿದ್ದಿದ ನೆರಳುಗಳನ್ನು ಹಿಂದಕ್ಕೆ ಹರಡಿ ಕೂಡಿಸಿದರೆ ಮಂಜು ತಾನಾಗಿಯೇ ಕರಗುತ್ತದೆ. ಬೇಕಾದುದು ಗುಣಿಸುವುದು, ಕೂಡುವುದು, ಕಳೆಯುವುದು ಇಷ್ಟೇ. ಎಲ್ಲ ನೆರಳುಗಳೂ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ಒಂದೊಂದು ನೆರಳು ಬಂದಂತೆಯೇ ಅದನ್ನು ತಿದ್ದಿ ಚಿತ್ರಕ್ಕೆ ಸೇರಿಸಬಹುದು. ಈ ವಿಧಾನವನ್ನು ವಿವರಿಸಿದ ಅವರ ಲೇಖನವು ೧೯೭೧ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರೇಡಿಯೋ ದೂರದರ್ಶಕಗಳಿಂದ ಆಕಾಶವನ್ನು ನೋಡುವ ಬ್ರೇಸ್‌ವೆಲ್ ಮತ್ತು ರಿಡ್ಲ್ ಎಂಬ ವಿಜ್ಞಾನಿಗಳು ೧೯೬೭ರಲ್ಲಿ ಇದನ್ನೇ ಹೋಲುವ ಮಾರ್ಗವನ್ನು ತಮ್ಮ ಕ್ಷೇತ್ರದಲ್ಲಿ ಕಂಡಿದ್ದರು. ಕ್ಷ-ಕಿರಣ ಚಿತ್ರಗಳಿಗೆ ಅದರ ಬೆಲೆಯನ್ನು ತೋರಿಸಿಕೊಟ್ಟವರು ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್.

ಅದೇ ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ತಾನು ನಿರ್ಮಿಸಿದ ಯಂತ್ರದಿಂದ ಮೊದಲ ರೋಗಿಯ ಮೆದುಳಿನ ಚಿತ್ರವನ್ನು ತೆಗೆದನು. ಅದಕ್ಕೂ ಮೊದಲು ಅವನು ಪ್ರಯೋಗಾಲಯದಲ್ಲಿ ಮಾಡಿದ ಯತ್ನದಲ್ಲಿ ಒಂದು ಚಿತ್ರಕ್ಕೆ ಬೇಕಾದ ಅಳತೆಗಳನ್ನು ಸಂಗ್ರಹಿಸಲು ಒಂಬತ್ತು ದಿನಗಳು ಹಿಡಿದಿದ್ದವು. ಗಣಕಯಂತ್ರಕ್ಕೆ ಎರಡೂವರೆ ಗಂಟೆಗಳು ಬೇಕಾಗಿದ್ದವು. ಆಸ್ಪತ್ರೆಯ ಯಂತ್ರವು ೧೮೦ ದಿಕ್ಕುಗಳಿಂದ, ಒಂದೊಂದು ದಿಕ್ಕಿನಲ್ಲಿ ೧೬೦ರಂತೆ, ಒಟ್ಟು ೨೮,೮೦೦ ಅಳತೆಗಳನ್ನು ಕೆಲವೇ ನಿಮಿಷಗಳಲ್ಲಿ ತೆಗೆದುಕೊಳ್ಳುತ್ತಿತ್ತು. ಹೌನ್ಸ್‌ಫೀಲ್ಡ್ ಬಳಸಿದ ಲೆಕ್ಕದ ಕ್ರಮ ಬೇರೆಯಾಗಿತ್ತು. ಆದರೆ ಮುಂದೆ ಬಂದ ಯಂತ್ರಗಳಿಗೆ ಹೆಚ್ಚು ವೇಗವಾದ ಕ್ರಮವು ಬೇಕಾದಾಗ, ತಿದ್ದಿದ ನೆರಳುಗಳನ್ನು ಹಿಂದಕ್ಕೆ ಹರಡುವ ವಿಧಾನವೇ ಎಲ್ಲೆಡೆ ಬಳಕೆಗೆ ಬಂದಿತು. ಹಲವು ದಶಕಗಳ ಕಾಲ ಸಿ.ಟಿ. ಯಂತ್ರಗಳು ಅದೇ ದಾರಿಯಲ್ಲಿ ನಡೆದವು. ರಾಮಚಂದ್ರನ್, ಲಕ್ಷ್ಮೀನಾರಾಯಣನ್ ಎಂಬ ಇಬ್ಬರ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ, ಎಂಜಿನಿಯರುಗಳು ಇಂದಿಗೂ ಅದನ್ನು ರಾಮ್-ಲ್ಯಾಕ್ ಫಿಲ್ಟರ್ ಎಂದು ಕರೆಯುತ್ತಾರೆ.

ಗಣಿತವೊಂದರಿಂದಲೇ ಒಳ್ಳೆಯ ಚಿತ್ರ ದೊರೆಯುವುದೆಂದು ತಿಳಿಯಬಾರದು. ದೇಹವನ್ನು ಹಾಯ್ದು ಬಂದ ಕಿರಣವನ್ನು ಹಿಡಿದು ಅಳೆಯುವ ಸಾಧನವೊಂದು ಬೇಕು. ಅದನ್ನು ಡಿಟೆಕ್ಟರ್ ಅಥವಾ ಶೋಧಕ ಎನ್ನುತ್ತಾರೆ. ಗಣಿತ ಮತ್ತು ಶೋಧಕಗಳು ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳಿದ್ದಂತೆ. ರಾಮಚಂದ್ರನ್ ಅವರ ವಿಧಾನವು ಚಿತ್ರದ ಸೂಕ್ಷ್ಮ ವಿವರಗಳನ್ನು ಎತ್ತಿ ತೋರಿಸುತ್ತದೆ. ಆದರೆ ಅಳತೆಯಲ್ಲಿ ಸಣ್ಣ ಏರುಪೇರುಗಳಿದ್ದರೆ ಅವುಗಳನ್ನೂ ಎತ್ತಿ ತೋರಿಸುತ್ತದೆ. ಆಗ ಚಿತ್ರದ ತುಂಬ ಮರಳು ಎರಚಿದಂತೆ ಕಾಣುತ್ತದೆ. ಶೋಧಕವು ಹಿಡಿಯದೆ ಬಿಟ್ಟುದನ್ನು ಯಾವ ಲೆಕ್ಕವೂ ಮರಳಿ ತಂದುಕೊಡಲಾರದು. ಆದುದರಿಂದ ಗಣಿತವು ಉತ್ತಮವಾದಂತೆಲ್ಲ ಶೋಧಕವೂ ಉತ್ತಮವಾಗಬೇಕಾಯಿತು.

ಇಲ್ಲಿ ಒಂದು ಕಷ್ಟವಿದೆ. ದೇಹದ ದಪ್ಪ ಭಾಗಗಳನ್ನು ಹಾಯಬೇಕಾದರೆ ಹೆಚ್ಚು ಶಕ್ತಿಯ ಕ್ಷ-ಕಿರಣಗಳು ಬೇಕು. ದೇಹವನ್ನು ಸುಲಭವಾಗಿ ಹಾಯುವ ಕಿರಣವು ಶೋಧಕವನ್ನೂ ಅಷ್ಟೇ ಸುಲಭವಾಗಿ ಹಾಯ್ದು ಹೊರಟುಹೋಗುತ್ತದೆ! ಬಂದ ಕಿರಣಗಳಲ್ಲಿ ಅರ್ಧದಷ್ಟನ್ನು ಮಾತ್ರ ಶೋಧಕವು ಹಿಡಿದರೆ, ಎಲ್ಲವನ್ನೂ ಹಿಡಿಯುವ ಶೋಧಕದಿಂದ ಬರುವಷ್ಟೇ ಸ್ಪಷ್ಟವಾದ ಚಿತ್ರವನ್ನು ಪಡೆಯಲು ರೋಗಿಯ ಮೇಲೆ ಎರಡರಷ್ಟು ಕಿರಣಗಳನ್ನು ಹಾಯಿಸಬೇಕಾಗುತ್ತದೆ. ಕ್ಷ-ಕಿರಣವು ಮಿತಿ ಮೀರಿದರೆ ದೇಹಕ್ಕೆ ಹಾನಿಕರ. ಹೀಗೆ ಶೋಧಕದ ಗುಣವು ರೋಗಿಯ ಕ್ಷೇಮಕ್ಕೆ ಸಂಬಂಧಿಸಿದ ಮಾತಾಗುತ್ತದೆ. ಶೋಧಕದ ಹರಳನ್ನು ದಪ್ಪ ಮಾಡಿದರೆ ಹೆಚ್ಚು ಕಿರಣಗಳು ಸಿಕ್ಕುತ್ತವೆ. ಆದರೆ ಕಿರಣ ಬಿದ್ದಾಗ ಹರಳಿನೊಳಗೆ ಹೊಮ್ಮುವ ಬೆಳಕು ಅಕ್ಕಪಕ್ಕಕ್ಕೆ ಹರಡಿ ಚಿತ್ರವು ಮಸುಕಾಗುತ್ತದೆ. ಈ ಎರಡು ಕಷ್ಟಗಳ ನಡುವೆ ದಾರಿ ಹುಡುಕುವುದೇ ಶೋಧಕಗಳ ಸುಧಾರಣೆಯ ಇತಿಹಾಸ.

ಹೌನ್ಸ್‌ಫೀಲ್ಡನ ಮೊದಲ ಯಂತ್ರದಲ್ಲಿ ಸೋಡಿಯಂ ಅಯೋಡೈಡ್ ಹರಳುಗಳಿದ್ದವು. ಮುಂದೆ ಕ್ಸೆನಾನ್ ಅನಿಲವನ್ನು ಒತ್ತಿ ತುಂಬಿದ ಶೋಧಕಗಳು ಬಂದವು. ಆ ಬಳಿಕ ವಿಶೇಷ ಪಿಂಗಾಣಿಯ ಸಣ್ಣ ಸಣ್ಣ ತುಣುಕುಗಳನ್ನು ಜೋಡಿಸಿ, ಒಂದರ ಬೆಳಕು ಇನ್ನೊಂದಕ್ಕೆ ಹರಿಯದಂತೆ ನಡುವೆ ಬೆಳಕನ್ನು ಹಿಮ್ಮೆಟ್ಟಿಸುವ ಗೋಡೆಗಳನ್ನಿಟ್ಟರು. ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ವಸ್ತುವಿನ ಶೋಧಕಗಳಲ್ಲಿ ಬೆಳಕಿನ ಹಂಗೇ ಇಲ್ಲ. ಒಂದೊಂದು ಕಿರಣದ ಕಣವೂ ನೇರವಾಗಿ ವಿದ್ಯುತ್ತಿನ ಮಿಡಿತವಾಗಿ ಮಾರ್ಪಡುತ್ತದೆ. ಅವುಗಳನ್ನು ಒಂದೊಂದಾಗಿ ಎಣಿಸಬಹುದು, ಅವುಗಳ ಶಕ್ತಿಯನ್ನೂ ಅಳೆಯಬಹುದು. ಇಂತಹ ಶೋಧಕಗಳುಳ್ಳ ಸಿ.ಟಿ. ಯಂತ್ರವೊಂದಕ್ಕೆ ಅಮೆರಿಕದಲ್ಲಿ ೨೦೨೧ರಲ್ಲಿ ಅನುಮತಿ ದೊರೆಯಿತು. ಗಣಕಯಂತ್ರಗಳ ವೇಗವು ಹೆಚ್ಚಿದಂತೆ ಲೆಕ್ಕದ ಹೊಸ ಕ್ರಮಗಳೂ ಬಂದಿವೆ. ಆದರೂ ಈ ವಿದ್ಯೆಯನ್ನು ಕಲಿಯುವವರು ಇಂದಿಗೂ ಮೊದಲು ಅಭ್ಯಾಸ ಮಾಡುವ ವಿಧಾನಗಳಲ್ಲಿ ಬೆಂಗಳೂರಿನ ವಿಜ್ಞಾನಿಗಳಿಬ್ಬರ ಹೆಸರನ್ನು ಹೊತ್ತ ಆ ವಿಧಾನವೂ ಒಂದು.

ಸಿ.ಟಿ. ಯಂತ್ರದ ಶೋಧನೆಗಾಗಿ ೧೯೭೯ರ ವೈದ್ಯಕೀಯ ನೊಬೆಲ್ ಪಾರಿತೋಷಕವು ಹೌನ್ಸ್‌ಫೀಲ್ಡ್ ಮತ್ತು ಅದರ ಗಣಿತವನ್ನು ೧೯೬೩ರಲ್ಲಿಯೇ ವಿವರಿಸಿದ್ದ ಕಾರ್ಮಾಕ್ ಅವರಿಗೆ ದೊರೆಯಿತು. ರಾಮಚಂದ್ರನ್ ಅವರಿಗೆ ನೊಬೆಲ್ ಬರಲಿಲ್ಲ. ಕೊಲ್ಯಾಜನ್‌ಗಾಗಿಯೂ ಬರಲಿಲ್ಲ, ಅವರ ಹೆಸರಿನ ನಕ್ಷೆಗಾಗಿಯೂ ಬರಲಿಲ್ಲ. ಆದರೂ ಮನ್ನಣೆಗಳು ಅವರನ್ನು ಅರಸಿ ಬಂದವು. ೧೯೬೧ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯು ದೊರೆತಿತ್ತು. ೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. ಹರಳುಗಳ ವಿಜ್ಞಾನದಲ್ಲಿ ಅತ್ಯುನ್ನತವೆನಿಸಿದ ಎವಾಲ್ಡ್ ಪ್ರಶಸ್ತಿಯು ೧೯೯೯ರಲ್ಲಿ ಅವರಿಗೆ ಸಂದಿತು.

ಕೊನೆಯ ವರ್ಷಗಳು ಅವರಿಗೆ ಸುಖದ ವರ್ಷಗಳಾಗಿರಲಿಲ್ಲ. ಪಾರ್ಕಿನ್‌ಸನ್ ಕಾಯಿಲೆಯು ದೇಹವನ್ನು ಬಳಲಿಸಿತು. ೧೯೪೫ರಿಂದ ಬಾಳಸಂಗಾತಿಯಾಗಿ ಕಷ್ಟಸುಖಗಳಲ್ಲಿ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿಯವರು ೧೯೯೮ರಲ್ಲಿ ತೀರಿಕೊಂಡರು. ೨೦೦೧ರ ಏಪ್ರಿಲ್ ೭ರಂದು ರಾಮಚಂದ್ರನ್ ಅವರು ಚೆನ್ನೈನಲ್ಲಿ ನಿಧನರಾದರು. ಬೆಂಗಳೂರಿನಲ್ಲಿ ಅವರು ಕಟ್ಟಿದ ಅಣುಜೀವಭೌತ ವಿಭಾಗವು ಅವರ ತರುವಾಯವೂ ಬೆಳೆಯುತ್ತ ಬಂದಿದೆ.

ರಾಮಚಂದ್ರನ್ ಅವರ ಬಾಳಿನಿಂದ ವಿದ್ಯಾರ್ಥಿಗಳು ಅರಿಯಬೇಕಾದುದು ಬಹಳಷ್ಟಿದೆ. ವಜ್ರದ ಹರಳು, ಚರ್ಮದ ಎಳೆ, ಮನುಷ್ಯನ ಮೆದುಳು ಇವು ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳೆಂದು ತೋರುತ್ತವೆ. ಆದರೆ ಅವರ ದೃಷ್ಟಿಯಲ್ಲಿ ಈ ಮೂರರ ಸಮಸ್ಯೆಯೂ ಒಂದೇ ಆಗಿತ್ತು: ಕಣ್ಣಿಗೆ ಕಾಣುವ ಗುರುತಿನಿಂದ ಕಾಣದ ರೂಪವನ್ನು ಅರಿಯುವುದು. ಒಂದು ಕಡೆ ಕಲಿತ ವಿದ್ಯೆಯನ್ನು ಇನ್ನೊಂದು ಕಡೆಯ ಕಷ್ಟಕ್ಕೆ ಉಪಯೋಗಿಸುವ ಧೈರ್ಯ ಅವರಲ್ಲಿತ್ತು. ದುಬಾರಿ ಯಂತ್ರಗಳಿಲ್ಲದಿದ್ದರೂ ಸರಿಯಾಗಿ ಆಲೋಚಿಸುವ ಮನಸ್ಸಿದ್ದರೆ ದೊಡ್ಡ ಕೆಲಸ ಮಾಡಬಹುದೆಂಬುದನ್ನು ಅವರು ಮಾಡಿ ತೋರಿಸಿದರು.

ಹೊಸಕೋಟೆಯಿಂದಲೋ ದೊಡ್ಡಬಳ್ಳಾಪುರದಿಂದಲೋ ಬಂದ ಬಡ ರೋಗಿಯೊಬ್ಬನು ಸಿ.ಟಿ. ಯಂತ್ರದ ನಡುವೆ ಕಣ್ಣು ಮುಚ್ಚಿ ಮಲಗುತ್ತಾನೆ. ಆ ಯಂತ್ರದ ಹಿಂದೆ ಯಾರ ಯಾರ ದುಡಿಮೆ ಇದೆಯೆಂಬುದನ್ನು ಅವನು ಅರಿಯನು, ಅರಿಯಬೇಕಾಗಿಯೂ ಇಲ್ಲ. ಅವನಿಗೆ ಬೇಕಾದುದು ರೋಗದ ನೆಲೆ ತಿಳಿಯುವುದು, ಗುಣವಾಗಿ ಮನೆಗೆ ಮರಳುವುದು. ಹೆಸರನ್ನು ಬಯಸದೆ ಹೀಗೆ ಕೋಟ್ಯಂತರ ಜನರಿಗೆ ನೆರವಾಗುವುದು ವಿಜ್ಞಾನದ ಹಿರಿಮೆ. ಆ ಹಿರಿಮೆಗೆ ನಮ್ಮ ಬೆಂಗಳೂರಿನಿಂದ ಸಂದ ಕಾಣಿಕೆಗಳಲ್ಲಿ ಜಿ. ಎನ್. ರಾಮಚಂದ್ರನ್ ಅವರ ಕಾಣಿಕೆಯು ಎಂದಿಗೂ ಸ್ಮರಣೀಯವಾದುದು.